ಸಾಹೇಬರ ಮೋಟಾರ್ ಸೈಕಲ್

2 ನವೆಂಬರ್ 1958, ಭಾನುವಾರ. ಎರ್ನಾಕುಳಂ

ಶೇವಿಂಗ್ ಮಾಡುವಾಗ ಗಲ್ಲ ಕೊಯ್ದುಕೊಂಡೆ. ಒಂಬತ್ತಕ್ಕೆ ನಮ್ಮ ಆಫೀಸಿನ ನಿತ್ಯಾನಂದ ರಾವ್ ಸಾಹೇಬರ ಮನೆಗೆ, ಅವರ ಮೋಟಾರ್ ಸೈಕಲ್ ನೋಡಲು. ಜನವರಿಯಿಂದ ಏಲೂರಿನ ಕಾರ್ಖಾನೆಗಳ ತಪಾಸಣೆ ನನ್ನದು. ಸ್ವಂತ ವಾಹನ ಇರಬೇಕೆಂದು ಆರ್ಡರ್. ನನಗೆ ಸೈಕಲ್ ಬಿಟ್ಟು ಬೇರೇನೂ ಬಾರದು. ಸಾಹೇಬರಿಗೆ ದೆಹಲಿಗೆ ವರ್ಗ. ಅವರು ಮಂಗಳೂರಿನವರು, ನಾನು ಕಾಸರಗೋಡು. “ಹೊರಗಿನವನಿಗೆ ಯಾಕೆ, ನಮ್ಮ ಕಡೆಯವನಿಗೇ ಕೊಡುವ” ಎಂದು ಅವರೇ ಹೇಳಿದ್ದು. ನನ್ನ ಬಡ್ತಿ ನಿಂತಿರುವ ಕಾನ್ಫಿಡೆನ್ಷಿಯಲ್ ರಿಪೋರ್ಟ್ ಬರೆಯುವವರೂ ಅವರೇ.

ಮಿಲಿಟರಿ ಹರಾಜಿನ ವಿಲಾಯತಿ ಗಾಡಿ. ಹೊಸ ಕಪ್ಪು ಪೇಂಟ್. ಒಂದೇ ಕಿಕ್, ಸ್ಟಾರ್ಟ್.

“ಕಂಡೆಯಾ ಮಹೇಶ್ವರ? ಕುದುರೆ ಹಾಗೆ ಉಂಟು.”

ತಲೆಯಾಡಿಸಿದೆ. ಟಯರ್ ಒತ್ತಿ ನೋಡಿದೆ. ಹಾರ್ನ್ ಒತ್ತಿದೆ. ಅಷ್ಟೇ ನನ್ನ ಪರೀಕ್ಷೆ. ಯೋಚಿಸಿ ಹೇಳುತ್ತೇನೆ ಎಂದು ಬಂದೆ. ಯೋಚಿಸುವುದೇನು... ಬೇಡ ಎನ್ನಲು ಧೈರ್ಯ ಬೇಕಲ್ಲ.

6 ನವೆಂಬರ್, ಗುರುವಾರ

ಬೆಳಗ್ಗೆ ಫೈಲು ಕೊಡಲು ಹೋದೆ. ಸಾಹೇಬರು ವಾಕಿಂಗ್ ಮುಗಿಸಿ ಬಂದಿರಲಿಲ್ಲ. ಅವರ ಹೆಂಡತಿ ಸುಶೀಲಕ್ಕ ಕಾಫಿ ತಂದರು. ಎಡಗೈಯಲ್ಲಿ. “ಬೇಜಾರು ಮಾಡಬೇಡಿ, ಬಲಗೈ ಮೇಲೆ ಏಳುವುದಿಲ್ಲ.”

ನಿಂತೇ ಇದ್ದರು. ಆಮೇಲೆ ಕೇಳಿದರು: “ಗಾಡಿ ತೆಗೆದುಕೊಳ್ಳುವುದು ನಿಶ್ಚಯವಾ?”

“ನೋಡುವ ಅಂತ, ಅಕ್ಕ.”

“ಹಿಂದೆ ನಿಮ್ಮ ಹೆಂಡತಿ ಕುಸುಮಾವತಿ ಕೂರುವುದಲ್ವಾ?” ಗೇಟಿನ ಕಡೆ ನೋಡಿ ದನಿ ತಗ್ಗಿಸಿದರು. “ಎರಡು ವರ್ಷದ ಹಿಂದೆ ಆಲುವಾದಿಂದ ಬರುವಾಗ ಬಿದ್ದೆವು. ಈ ಕೈ ಹೀಗಾದದ್ದು ಆಗ. ಗಾಡಿಯ ಮುಂದಿನ ಪೈಪು ತುಂಡಾಗಿತ್ತು. ಬೆಸುಗೆ ಹಾಕಿಸಿ ಪೇಂಟ್ ಹೊಡೆಸಿದ್ದಾರೆ. ನಾನು ಮತ್ತೆ ಹತ್ತಲಿಲ್ಲ... ನಾನು ಹೇಳಿದ್ದೂಂತ ಅವರಿಗೆ ಗೊತ್ತಾಗುವುದು ಬೇಡ.”

ಈಗ ಬೇಡ ಎಂದರೆ ಕಾರಣ ಕೇಳುತ್ತಾರೆ. ಗಾಡಿಯ ಗಂಧಗಾಳಿ ಇಲ್ಲದವನಿಗೆ ಬೆಸುಗೆ ಹೇಗೆ ಕಂಡಿತು ಎನ್ನುತ್ತಾರೆ. ನಾನೇ ಕಂಡುಹಿಡಿದ ಹಾಗೆ ಆಗಬೇಕು. ಗಾಡಿ ಪರೀಕ್ಷಿಸಲು ಕಲಿಯಬೇಕು.

13 ನವೆಂಬರ್, ಗುರುವಾರ. ತಿರುವನಂತಪುರ

ಮೀಟಿಂಗ್ ಮೂರಕ್ಕೆ ಮುಗಿಯಿತು. ನೇರ ಚಾಲೈ ಪೇಟೆಗೆ. ಕೊಪ್ರಾ ಮೂಟೆ, ಕೈಗಾಡಿಗಳ ನಡುವೆ ನುಸುಳಿ ಹೋದರೆ ಒಂದು ಮೋಟಾರ್ ವರ್ಕ್‌ಶಾಪ್. ಮೇಸ್ತ್ರಿ ನೀಲಕಂಠ ಪಿಳ್ಳೆ. ವಯಸ್ಸು ಅರವತ್ತಿರಬಹುದು. ಹಳೆ ಗಾಡಿ ಕೊಳ್ಳುವುದುಂಟು, ಏನು ನೋಡಬೇಕು ಎಂದು ಕೇಳಿದೆ. ನಗಲಿಲ್ಲ. ಅದೇ ದೊಡ್ಡದು.

“ಸಾರೇ, ಹೋದ ಕೂಡಲೇ ಎಂಜಿನ್ ಮುಟ್ಟಿ. ಬಿಸಿ ಇದ್ದರೆ ನಿಮಗಿಂತ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ತಣ್ಣಗಿರುವಾಗ ಸ್ಟಾರ್ಟ್ ಆಗುತ್ತದೋ, ಅದು ನೋಡಬೇಕಾದದ್ದು.”

ಆ ಭಾನುವಾರ ನಾನು ಮುಟ್ಟಿರಲಿಲ್ಲ.

ಆರ್.ಸಿ. ಪುಸ್ತಕದ ನಂಬರ್ ಓದಿದರೆ ಸಾಲದಂತೆ, ಎಂಜಿನ್ ಮೇಲೆ ಕೊರೆದದ್ದನ್ನು ಒರೆಸಿ ಓದಬೇಕಂತೆ. ಹೊಗೆ ನೀಲಿಯಾದರೆ ಎಣ್ಣೆ ಕುಡಿಯುತ್ತಿದೆ. ಎರಡೂ ಚಕ್ರಕ್ಕೆ ಸೇರಿಸಿ ದಾರ ಹಿಡಿದರೆ ಸೊಟ್ಟ ಕಂಡು, ಬಿದ್ದ ಗಾಡಿ ಸಿಕ್ಕಿಬೀಳುತ್ತದೆ. ಇಷ್ಟು ಹೇಳಿ, ಮೂಲೆಯಲ್ಲಿದ್ದ ಹಳೆ ಗಾಡಿಯ ಚೌಕಟ್ಟಿನ ಹತ್ತಿರ ಕರೆದುಕೊಂಡು ಹೋದರು. ಕಣ್ಣು ಮುಚ್ಚಲು ಹೇಳಿದರು. ನನ್ನ ಬೆರಳು ಹಿಡಿದು ಪೈಪಿನ ಮೇಲೆ ಎಳೆದರು. ನುಣುಪು, ನುಣುಪು, ಮತ್ತೆ ಸಣ್ಣ ಉಬ್ಬು—ಹಳೆ ಗಾಯದ ಕಲೆಯ ಹಾಗೆ.

“ಇದು ಬೆಸುಗೆ. ಹ್ಯಾಂಡಲಿನ ಬುಡದಲ್ಲಿ, ಟ್ಯಾಂಕಿನ ಕೆಳಗೆ ಇದು ಸಿಕ್ಕಿದರೆ ಎದ್ದು ಬನ್ನಿ. ಹೋಗುವಷ್ಟು ದಿನ ಹೋಗುತ್ತದೆ. ಒಂದು ದಿನ ಹೊಂಡಕ್ಕೆ ಇಳಿದಾಗ ಬಿಟ್ಟುಕೊಡುತ್ತದೆ.”

16 ನವೆಂಬರ್, ಭಾನುವಾರ. ಎರ್ನಾಕುಳಂ

ಹೇಳದೆ ಏಳಕ್ಕೇ ಹೋದೆ. ಎಂಜಿನ್ ತಣ್ಣಗಿತ್ತು. ಹನ್ನೊಂದು ಕಿಕ್. ಸಾಹೇಬರ ಬನಿಯನ್ ಒದ್ದೆ. “ಇವತ್ತು ಎಂತದೋ ಮಂಡೆಬೆಚ್ಚ ಇದಕ್ಕೆ.” ಗಾಡಿಗೂ ತಲೆಬಿಸಿಯಂತೆ.

ನಂಬರ್ ನೋಡುವ ನೆಪದಲ್ಲಿ ಬಗ್ಗಿದೆ. ಟ್ಯಾಂಕಿನ ಕೆಳಗೆ ಕೈ ಹಾಕಿದೆ. ಸಿಕ್ಕಿತು. ಬೆರಳಿನಷ್ಟು ದಪ್ಪದ ಉಬ್ಬು, ಸುತ್ತಲೂ.

ಎದ್ದು ನಿಂತೆ. ಸಾಹೇಬರು ನನ್ನನ್ನೇ ನೋಡುತ್ತಿದ್ದರು. ಬಾಗಿಲ ಹಿಂದೆ ಸುಶೀಲಕ್ಕನ ಸೆರಗು. ಮೂರು ದಿನ ಉರುಹಾಕಿದ “ಇಲ್ಲಿ ಬೆಸುಗೆ ಉಂಟು ಸರ್” ಎಂಬ ವಾಕ್ಯ ಬಾಯಿಗೆ ಬರಲಿಲ್ಲ. ಬಂದದ್ದು ಇದು: “ಕುಸುಮನಿಗೆ ಮೋಟಾರ್ ಸೈಕಲ್ ಅಂದರೆ ಹೆದರಿಕೆ ಸರ್. ಬೇಡ ಅಂತ ಹಟ.”

ಸಾಹೇಬರು ನಕ್ಕರು. “ಹೆಂಡತಿ ಮಾತು ಕೇಳುವವ ನೀನು.” ನಾನೂ ನಕ್ಕೆ.

ಮನೆಗೆ ಬಂದು ಕುಸುಮನಿಗೆ ಹೇಳಿದೆ, ಬೆಸುಗೆಯದ್ದೂ. “ನಿಮ್ಮ ಹೆದರಿಕೆಗೆ ನನ್ನ ಹೆಸರಾ?” ಎಂದಳು.

26 ನವೆಂಬರ್, ಬುಧವಾರ

ಸಂಜೆ ಮನೆಗೆ ರತ್ನಾಕರ ಬಂದ. ಉಡುಪಿ ಕಡೆಯ ಹುಡುಗ, ಬ್ಯಾಂಕಿನಲ್ಲಿದ್ದಾನೆ. ಹೆಂಡತಿ ಸರೋಜ, ಮದುವೆಯಾಗಿ ಮೂರು ತಿಂಗಳು. ಸಾಹೇಬರ ಗಾಡಿ ಅವನಿಗಂತೆ, ಭಾನುವಾರ.

“ಮಹೇಶ್ವರಣ್ಣ, ನೀವು ಎರಡು ಸಲ ನೋಡಿದ್ದೀರಂತೆ. ನನಗೆ ಏನೂ ಗೊತ್ತಿಲ್ಲ. ಹೇಗುಂಟು?”

ಸಾಹೇಬರು ಇನ್ನೂ ಒಂದು ತಿಂಗಳು ಇಲ್ಲಿ. ರಿಪೋರ್ಟ್ ಇನ್ನೂ ಬರೆದಿಲ್ಲ. ಸುಶೀಲಕ್ಕನ ಹೆಸರು ಹೊರಬರಬಾರದು ಬೇರೆ.

“ನಾನು ಅಷ್ಟು ಸರಿಯಾಗಿ ನೋಡಲಿಲ್ಲ” ಎಂದೆ.

ಅವನು ಖುಷಿಯಲ್ಲೇ ಹೋದ. ಕುಸುಮ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ತಟ್ಟೆ ಇಟ್ಟು, “ಸರೋಜನೂ ಹಿಂದೆ ಕೂರುವುದು” ಎಂದಳು.

30 ನವೆಂಬರ್, ಭಾನುವಾರ. ಮಧ್ಯಾಹ್ನ

ನಿದ್ದೆ ಇಲ್ಲದೆ ನಾಲ್ಕು ದಿನ. ಇವತ್ತು ಎಂಟಕ್ಕೆ ಹೊರಟೆ. ಕುಸುಮನೂ ಬಂದಳು, ಕರೆಯದೆ.

ಅಂಗಳದಲ್ಲಿ ಗಾಡಿ. ಹ್ಯಾಂಡಲಿಗೆ ಸರೋಜ ಮಲ್ಲಿಗೆ ಸುತ್ತುತ್ತಿದ್ದಳು. ರತ್ನಾಕರ ಪೆನ್ನಿನ ಮುಚ್ಚಳ ತೆಗೆದಿದ್ದ.

“ರತ್ನಾಕರ, ಸೈನ್ ಮಾಡಬೇಡ. ಟ್ಯಾಂಕಿನ ಕೆಳಗೆ ಕೈ ಹಾಕಿ ನೋಡು. ಬೆಸುಗೆ ಉಂಟು. ಅವತ್ತು ನಾನು ಸುಳ್ಳು ಹೇಳಿದೆ.”

ದನಿ ನನ್ನದೋ ಎಂದು ನನಗೇ ಸಂಶಯ. ರತ್ನಾಕರ ಕೈ ಹಾಕಿದ. ಮುಖ ಬಿಳಿಚಿತು.

ಸಾಹೇಬರು ರೇಗಲಿಲ್ಲ. ಮೆಲ್ಲಗೆ ಹೇಳಿದರು: “ಬೆಸುಗೆ ಹಾಕಿದ ಜಾಗ ಮೊದಲಿಗಿಂತ ಗಟ್ಟಿ. ನಾನೇ ಎರಡು ವರ್ಷ ಓಡಿಸಿದ್ದೇನೆ.” ಮತ್ತೆ ನನ್ನ ಕಡೆ ತಿರುಗಿ, “ಯಾರು ಹೇಳಿದ್ದು ನಿನಗೆ?”

“ಯಾರೂ ಇಲ್ಲ ಸರ್. ಕೈಗೆ ಸಿಕ್ಕಿತು.”

“ನಿನ್ನ ಕೈಗೆ? ಕ್ಲಚ್ ಯಾವುದು ಬ್ರೇಕ್ ಯಾವುದು ಗೊತ್ತಿಲ್ಲದವ ನೀನು. ಯಾರು ಹೇಳಿದ್ದು?”

“ನಾನು.”

ಸುಶೀಲಕ್ಕ ಮೆಟ್ಟಿಲ ಮೇಲೆ ನಿಂತಿದ್ದರು. “ನಾನು ಹೇಳಿದ್ದು. ನೀವು ಒಬ್ಬರೇ ಓಡಿಸಿದ್ದು ಎರಡು ವರ್ಷ. ಹಿಂದೆ ನಾನು ಇರಲಿಲ್ಲ. ಈ ಹುಡುಗಿ ಇರುತ್ತಾಳೆ.”

ಸಾಹೇಬರು ಆರ್.ಸಿ. ಪುಸ್ತಕ ಮಡಚಿ ಒಳಗೆ ಹೋದರು. ಸುಶೀಲಕ್ಕನ ಪಕ್ಕದಲ್ಲೇ ಹಾದು ಹೋದರು, ನೋಡದೆ. ಸರೋಜ ಅಳುತ್ತಿದ್ದಳು. ನಾವು ನಾಲ್ವರೂ ಬಸ್‌ಸ್ಟಾಪಿಗೆ ನಡೆದೆವು.

1 ಡಿಸೆಂಬರ್, ಸೋಮವಾರ

ಹನ್ನೊಂದಕ್ಕೆ ಕರೆ ಬಂತು. ಎದುರು ನಿಂತೆ. ಸಾಹೇಬರು ತಲೆ ಎತ್ತಲಿಲ್ಲ.

“ಗಾಡಿ ಗುಜರಿಗೆ ಕೊಟ್ಟೆ, ಬೆಳಗ್ಗೆ. ನೀನು ಏಲೂರಿಗೆ ಬಸ್ಸಿನಲ್ಲಿ ಹೋಗು. ವಾಹನದ ಷರತ್ತು ಸಡಿಲಿಸಲು ನೋಟ್ ಹಾಕಿದ್ದೇನೆ.”

“ಥ್ಯಾಂಕ್ಯೂ ಸರ್.”

“ಹೋಗು.”

ರಿಪೋರ್ಟಿನ ಮಾತು ಬರಲಿಲ್ಲ. ನಾನೂ ಕೇಳಲಿಲ್ಲ. ಆಶ್ಚರ್ಯ, ಅದರ ಚಿಂತೆ ಈಗ ಅಷ್ಟಿಲ್ಲ. ಚಿಂತೆ ಆ ಮನೆಯದ್ದು. ನಿನ್ನೆ ನಾವು ಹೊರಟ ಮೇಲೆ ಒಳಗೆ ಏನಾಯಿತೋ. ಸುಶೀಲಕ್ಕ ಊಟ ಮಾಡಿದರೋ. ಕುಸುಮ ಈಗಲೇ ಹೋಗಿ ನೋಡಿ ಬರುವ ಎನ್ನುತ್ತಿದ್ದಾಳೆ, ಚಪ್ಪಲಿ ಹಾಕಿ ನಿಂತಿದ್ದಾಳೆ. ಹೋದರೆ ಬಾಗಿಲು ತೆಗೆಯುವುದು ಸಾಹೇಬರೇ ಆದರೆ ನಾನು ಏನು— ಕುಸುಮ ಕರೆಯುತ್ತಿದ್ದಾಳೆ, ಹೊರಟೆ.