ನಡುವೆ ಸವದತ್ತಿ

ಬೈಲಹೊಂಗಲ,
20 ಫೆಬ್ರವರಿ 2004

ಪ್ರೀತಿಯ ಐಶೂ,

ಹೇಗಿದ್ದೀ? ಕಾಲಿನ ಬಾವು ಇಳಿಯಿತೆ? ನಿನ್ನ ಪತ್ರಕ್ಕೆ ಉತ್ತರ ತಡವಾಯಿತು, ಸಿಟ್ಟಾಗಬೇಡ. ಬರೆದು ಹರಿದು, ಮತ್ತೆ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಅದು ನಡುಮನೆಯಲ್ಲಿ, ನಿನ್ನ ಅಜ್ಜಿಯ ತಲೆದಿಂಬಿನ ಪಕ್ಕದಲ್ಲೇ ಇದೆ.

ಇಲ್ಲಿ ಎಲ್ಲರೂ ಆರಾಮ. ಪಪ್ಪಾ ನಿನ್ನ ಕುಬಸಕ್ಕೆ, ಬಸುರಿಯ ಉಡಿ ತುಂಬುವ ದಿನಕ್ಕೆ, ಹಸಿರು ಇಳಕಲ್ ಸೀರೆ ತಂದಿದ್ದಾರೆ. ಬುತ್ತಿಗೆ ಕರಚಿಕಾಯಿ ಮಾಡಿಟ್ಟಿದ್ದೇನೆ. ಆದರೆ ಮೊನ್ನೆ ನಿನ್ನ ಅತ್ತೆ ಸಿದ್ದಲಿಂಗವ್ವ ಪಪ್ಪಾಗೆ ಫೋನಿನಲ್ಲಿ ಹೇಳಿದರಂತೆ: "ಹಡದಾಕಿ ಬಂದು ಉಡಿ ತುಂಬಿದ್ರ ಬಾಣಂತನಕ್ಕ ಕಳಸ್ತೇವ್ರಿ. ಬರೇ ಗಂಡಸರ ಕೂಡ ಬಸುರಿನ್ನ ಕಳಸಂಗಿಲ್ಲ. ಬೀಗತ್ಯಾರು ನಮ್ಮ ಹೊಸ್ತಿಲಾ ತುಳದು ವರ್ಷಾತು. ನಮ್ಮ ಮನಿ ಸಣ್ಣದಾತೇನ್ರಿ?"

ನೀನೂ ಅದನ್ನೇ ಕೇಳಿದ್ದೀ, ಸ್ವಲ್ಪ ಮೆತ್ತಗೆ. ಇದು ದೊಡ್ಡಸ್ತಿಕೆಯಲ್ಲ ಐಶೂ. ನನಗೆ ಭಯ.

ಕಳೆದ ವರ್ಷ ಭರತ ಹುಣ್ಣಿಮೆಯ ಮರುದಿನ ರಾಮದುರ್ಗದಿಂದ, ನಿಮ್ಮ ಮನೆಯಿಂದ, ಒಬ್ಬಳೇ ಮರಳುತ್ತಿದ್ದೆ. ಸವದತ್ತಿ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಬೇಕಿತ್ತು. ಎಲ್ಲಮ್ಮನ ಗುಡ್ಡದಿಂದ ಇಳಿದ ಜನ ಕಿಕ್ಕಿರಿದಿದ್ದರು. ನಿಂತಲ್ಲೇ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಉಸಿರು ಒಳಗೆ ಹೋಗಲೊಲ್ಲದು. ಬೆರಳು ಜೋಮು ಹಿಡಿದವು, ಮಾತುಗಳೆಲ್ಲ ಹಂಡೆಯೊಳಗಿಂದ ಬಂದ ಹಾಗೆ ಕೇಳಿದವು. ಇಲ್ಲೇ ಸಾಯುತ್ತೇನೆ ಅನ್ನಿಸಿತು. ಕುಸಿದು ಕೂತೆ. ಮೈಯೆಲ್ಲ ನಡುಗುತ್ತಿತ್ತು, ತುರುಬು ಬಿಚ್ಚಿತ್ತು. ಯಾರೋ "ಮೈಮ್ಯಾಲ ತಾಯಿ ಬಂದಾಳ, ಸರೀರಿ" ಅಂದರು. ಆದರೆ ಯಾರೂ ಸರಿಯಲಿಲ್ಲ, ಇನ್ನಷ್ಟು ಮುತ್ತಿದರು. ಹಣೆಗೆ ದೇವಿಯ ಅರಿಶಿನ, ಭಂಡಾರ ಮೆತ್ತಿದರು, ಕಾಲು ಮುಟ್ಟಿದರು. ನನಗೆ ಬೇಕಾಗಿದ್ದದ್ದು ಗಾಳಿ.

ಆಮೇಲೆ ಬಸ್‌ಸ್ಟ್ಯಾಂಡಿನ ಕಡೆ ಹೋಗುವುದನ್ನು ಬಿಟ್ಟೆ. ಕೆಲ ದಿನಕ್ಕೆ ಬಜಾರ ಬಿಟ್ಟೆ, ಆಮೇಲೆ ಓಣಿಯ ತಿರುವನ್ನೂ ಬಿಟ್ಟೆ. ಕೊನೆಗೆ ಬಾಗಿಲ ಚಿಲಕಕ್ಕೆ ಕೈ ಹಾಕಿದರೂ ಅಂಗೈ ಬೆವರುತ್ತಿತ್ತು. ಎದುರು ಮನೆಯ ಬೀರವ್ವ ಮಾತ್ರ ಓಣಿ ತುಂಬ ನನ್ನ ಗುಣ ಹೊಗಳುತ್ತಿದ್ದಳು: "ಸಾವ್ಕಾರ್ತಿ ಅಂದ್ರ ಹಿಂಗಿರಬೇಕು ನೋಡ್ರಿ, ಮುಖಾನ ಹೊರಗ ಕಾಣಂಗಿಲ್ಲ." ನಿನ್ನ ಅಜ್ಜಿಯದು ಬೇರೆಯೇ ಲೆಕ್ಕ. "ದೇವಿ ಒಲದ್ರ ಅಂಜತಾರೇನ ಹುಚ್ಚಿ? ಗುಡ್ಡಕ್ಕ ಹೋಗಿ ಉಡಿ ತುಂಬಿ ಬಾ."

ದೀಪಾವಳಿಯ ನಂತರ ಪಪ್ಪಾ ಜೀಪಿನಲ್ಲಿ ಧಾರವಾಡಕ್ಕೆ ಕರೆದೊಯ್ದರು. ಕಿತ್ತೂರಿನಲ್ಲಿ ಹೈವೇ ಕಂಡೊಡನೆ ಗಾಡಿ ತಿರುಗಿಸಲು ಅತ್ತು ಬೇಡಿಕೊಂಡೆ. ಅವರು ತಿರುಗಿಸಗೊಡದೆ ನನ್ನ ಕೈ ಹಿಡಿದು ಕೂತರು. ಅಲ್ಲಿನ ಡಾಕ್ಟರ್ ಬಾಯಿಯವರು ನನ್ನ ಎದೆ ಪರೀಕ್ಷಿಸಿ, ಹೃದಯಕ್ಕೇನೂ ಆಗಿಲ್ಲವೆಂದರು. ಅಪಾಯವಿಲ್ಲದಿದ್ದರೂ ಮೈ ಓಡಲು ಸಿದ್ಧವಾಗುತ್ತದೆ, ಅದೇ ಪ್ಯಾನಿಕ್. ಏರುತ್ತದೆ, ತಾನಾಗಿಯೇ ಇಳಿಯುತ್ತದೆ, ಕೊಲ್ಲುವುದಿಲ್ಲ. ಮತ್ತೆಲ್ಲಿ ಬಂದೀತೋ, ಬಂದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಹೋದೀತೋ ಎಂದು ಒಂದೊಂದೇ ಜಾಗ ಬಿಡುತ್ತ ಬಂದದ್ದು ಅಗೊರಾಫೋಬಿಯಾ. ಬಿಟ್ಟಾಗಲೆಲ್ಲ ಹಾಯೆನಿಸುತ್ತದೆ, ಆ ಹಾಯೇ ಮುಂದಿನ ಭಯವನ್ನು ಸಾಕುತ್ತದೆ ಅಂದರು. ಕಾನ್ವೆಂಟಿನಲ್ಲಿ ಕಲಿತ ನಾನು ಇದನ್ನು ಮೊದಲೇ ತಿಳಿದುಕೊಳ್ಳಬೇಕಿತ್ತೇ? ಗೊತ್ತಿಲ್ಲ. ತಿಳಿದ ಮೇಲೂ ಕಾಲು ಎತ್ತಿಡುವುದು ಬೇರೆಯೇ ಕೆಲಸ.

ಈಗ ದಿನಾ ಸ್ವಲ್ಪ ದೂರ ಹೋಗಿ, ಭಯ ಇಳಿಯುವ ತನಕ ಅಲ್ಲೇ ನಿಲ್ಲುತ್ತೇನೆ. ಬಜಾರ ದಾಟಿದ್ದೇನೆ. ಉಳಿದದ್ದು ಸವದತ್ತಿ. ಗುರುವಾರ ಪಪ್ಪಾನ ಜೊತೆ ಬಸ್ಸಿನಲ್ಲೇ ಬರುತ್ತೇನೆ, ಬಸ್ಸಿಗೆ ಹೆದರಿ ಜೀಪು ಹತ್ತಬಾರದೆಂದು ಡಾಕ್ಟರ್ ಹೇಳಿದ್ದಾರೆ. ಬರುವುದು ಆಗದೇ ಹೋದೀತು ಎಂಬ ಭಯ ಇದನ್ನು ಬರೆಯುವಾಗಲೂ ಇದೆ. ಆದರೆ ನಿನ್ನ ಉಡಿಯನ್ನು ಬೇರೆಯವರು ತುಂಬುವುದನ್ನು ನೆನೆದರೆ ಅದಕ್ಕಿಂತ ಹೆಚ್ಚು ಸಂಕಟವಾಗುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಹೊಟ್ಟೆ ತಣ್ಣಗಿರಲಿ, ಒಳಗಿನ ಕೂಸು ಗಟ್ಟಿಯಾಗಿರಲಿ.

ನಿನ್ನ ಅವ್ವ,
ಶೈಲಜಾ

ತಾ.ಕ.: ಡಾಕ್ಟರಿಗೂ ಪಪ್ಪಾಗೂ ಹೇಳದ ಒಂದು ಮಾತಿದೆ. ಅಂದು ಆ ಗುಂಪಿನಲ್ಲಿ ಒಬ್ಬ ಹೆಂಗಸು ನನ್ನ ಮೊಣಕಾಲು ಹಿಡಿದಳು. ಪಕ್ಕದಲ್ಲಿ ನಿನ್ನ ವಯಸ್ಸಿನ ಮಗಳು, ತುಟಿ ಒಡೆದಿತ್ತು. "ಇಕಿ ಗಂಡ ಕರಿಯಾಕ ಬಂದಾನಬೇ ತಾಯಿ. ಹೊಡಿಯೂದು ಬಿಟ್ಟೇನಿ ಅಂತಾನ. ಕಳಸಲೇನು? ನೀ ಹೇಳಿದಂಗ ಮಾಡತೇನಿ" ಅಂದಳು. ನನ್ನ ತಲೆ ತಾನಾಗಿಯೇ ಮೇಲೆ ಕೆಳಗೆ ನಡುಗುತ್ತಿತ್ತು, ಬೇಡ ಎನ್ನಲು ನಾಲಿಗೆ ಏಳಲಿಲ್ಲ. ಆ ನಡುಕವನ್ನೇ ಹೂಂ ಎಂದುಕೊಂಡು, "ಆತವ್ವ, ಕಳಸ್ತೇನಿ" ಎಂದು ಅವಳು ಮಗಳ ಹಣೆಗೂ ಭಂಡಾರ ಹಚ್ಚಿದಳು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನನ್ನ ಮೈಮೇಲೆ ಯಾವ ದೇವಿಯೂ ಬಂದಿಲ್ಲವೆಂದು ಅಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಅವಳು ಯಾವ ಊರವಳೋ, ಹೇಗಿದ್ದಾಳೋ. ನಿನ್ನನ್ನು ಕರೆದುಕೊಂಡು ಮರಳುವಾಗಲೂ ಬಸ್ಸು ಅಲ್ಲೇ ನಿಲ್ಲುತ್ತದೆ. ಆಗ ನಾನು ನಡುಗಿದರೆ, ಐಶೂ, ಎರಡೂ ಕೈಯಿಂದ ನನ್ನ ತಲೆಯನ್ನು ಗಟ್ಟಿಯಾಗಿ ಹಿಡಿದುಕೋ.