ದಿಮ್ಮಿ ತಲೆ ಅಲ್ಲಾಡಿಸುವುದಿಲ್ಲ

ಬ್ರಾಂಚ್‌ಪೋರ್ಟ್, ಕ್ಯೂಕಾ ಸರೋವರ
ಜೂನ್ ೧೯, ೧೯೭೪

ಲೂವೆಲ್ಲಾ,

ವೆಂಡೆಲ್ ‘ಪ್ರೀತಿಯ’ ಎಂದು ಶುರು ಮಾಡಿದ್ದ. ಹೊಡೆದುಹಾಕಿಸಿದೆ. ಅಕ್ಷರ ನನ್ನ ಗಂಡನದು, ಮಾತು ನನ್ನದು. ಅವನ ಕೈಲಿ ಬರೆಸುವುದಕ್ಕೆ ವಿಶೇಷ ಕಾರಣವೇನೂ ಇಲ್ಲ. ನಿನ್ನನ್ನು ನೆನೆದರೆ ಒಂದು ಕಡೆ ಕೂತು ಬರೆಯುವ ತಾಳ್ಮೆ ನನಗೆ ಉಳಿಯುವುದಿಲ್ಲ. ಅಡುಗೆಮನೆ ತುಂಬ ಓಡಾಡಿಕೊಂಡು ಹೇಳುತ್ತಿದ್ದೇನೆ.

ನನ್ನ ಕೈ ಹೇಗಿದೆ ಎಂದು ಊರಿನವರನ್ನೆಲ್ಲ ಕೇಳುತ್ತಿದ್ದೀಯಂತೆ, ನನ್ನೊಬ್ಬಳನ್ನು ಬಿಟ್ಟು. ಚೆನ್ನಾಗಿದೆ. ಹೊಲಿಗೆ ಬಿಚ್ಚಿದ್ದಾರೆ. ಇನ್ನು ಸ್ವಲ್ಪ ದಿನಕ್ಕೆ ಮೊದಲಿನ ಹಾಗೇ ಆಗುತ್ತದೆ. ಆ ವಿಷಯ ಅಲ್ಲಿಗೆ ಬಿಡು.

ನನಗೆ ಮೈ ಉರಿಯುತ್ತಿರುವುದು ದಿಮ್ಮಿಯ ವಿಷಯಕ್ಕೆ. ವೆಂಡೆಲ್ ನಿನ್ನೆ ಹ್ಯಾಚ್‌ನ ಮೀನುಗಾಳದ ಅಂಗಡಿಗೆ ಹೋಗಿದ್ದ. ಅಲ್ಲಿ ನೀನು ಎಲ್ಲರೆದುರು, “ಆರ್ಡಿತ್ ತಂತೀಲಿ ಮೀನೂ ಇಲ್ಲ ಮಣ್ಣೂ ಇಲ್ಲ, ತಳದಲ್ಲಿ ಯಾವ್ದೋ ಮರದ ದಿಮ್ಮಿ ಸಿಕ್ಕಾಕ್ಕೊಂಡಿತ್ತು ಅಷ್ಟೇ ಕಣಯ್ಯಾ” ಎಂದೆಯಂತೆ. ಹ್ಯಾಚ್ ಹಲ್ಲು ಕಿಸಿದನಂತೆ. ನನ್ನ ಗಂಡ ಅಲ್ಲೇ ನಿಂತು ಕೇಳಿಸಿಕೊಂಡು, ಒಂದೂ ಮಾತಾಡದೆ, ಗಾಳಕ್ಕೆ ಕಟ್ಟುವ ಎರಡು ಸೀಸದ ಗುಂಡು ಕೊಂಡುಕೊಂಡು ಬಂದ. ಈಗ ಪೆನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಾನೆ. ಬರಿ ಅಂದೆ.

ದಿಮ್ಮಿ ತಲೆ ಅಲ್ಲಾಡಿಸುತ್ತದೆಯೇನೇ? ಆ ಶುಕ್ರವಾರ ನೀನು ದೋಣಿಯಲ್ಲಿ ನನ್ನೆದುರಿಗೇ ಕೂತು ಹುಟ್ಟು ಹಾಕುತ್ತಿದ್ದೆ. ಗಾಳದ ತಾಮ್ರದ ತಂತಿ ನನ್ನ ಹೆಬ್ಬೆರಳು ತೋರುಬೆರಳಿನ ನಡುವೆ ಇತ್ತು. ಎಳೆದು ಬಿಟ್ಟಾಗೆಲ್ಲ, ಮೀನಿಗೆ ಆಮಿಷವಾಗಿ ನನ್ನ ಅಪ್ಪ ಬಡಿದು ಮಾಡಿದ ಚಮಚ ತಳಕ್ಕೆ ತಟ್ಟುವುದು ನನ್ನ ಬೆರಳಿಗೆ ತಿಳಿಯುತ್ತಿತ್ತು. ಕಲ್ಲು ಯಾವುದು, ಕೆಸರು ಯಾವುದು, ಕಪ್ಪೆಚಿಪ್ಪಿನ ದಿಬ್ಬ ಯಾವುದು, ಎಲ್ಲ. ತೊಂಬತ್ತು ಅಡಿ ಆಳದ್ದನ್ನು ತಾಮ್ರ ಹೇಳುವಷ್ಟು ಚೆನ್ನಾಗಿ ಕಣ್ಣು ಕೂಡ ಹೇಳುವುದಿಲ್ಲ. ಆಮೇಲೆ ಭಾರ ಬಂತು. ಭಾರ ಬಂದಮೇಲೆ ಅದು ತಲೆ ಕೊಡವಿತು, ನಿಧಾನಕ್ಕೆ, ದೊಡ್ಡ ಟ್ರೌಟ್ ಮಾತ್ರ ಕೊಡವುವ ಹಾಗೆ. ನಾವು ಅಜ್ಜಿ ಎಂದು ಕರೆಯುವ ಆ ಮುದಿ ಮೀನೇ ಅದು. ನಾನು ಆಗಲೇ ನಿನಗೆ ಹೇಳಿದೆ, “ಇದು ಅಜ್ಜಿ ಕಣೇ, ನಿಧಾನಕ್ಕೆ ನಡೆಸು.” ನೀನು, “ಆಯ್ತು ಮಹರಾಯ್ತಿ, ಅಜ್ಜಿಗೂ ನಿಂಗೂ ಸರಿಹೋಯ್ತು” ಎಂದು ನಕ್ಕೆ. ದಿಮ್ಮಿಯನ್ನು ನೋಡಿ ಯಾರಾದರೂ ಹಾಗೆ ನಗುತ್ತಾರೆಯೇ?

ಅಪ್ಪನ ಗ್ರಾಮಫೋನ್ ಯಂತ್ರ ಕೈಕೊಟ್ಟಿದ್ದು ನನ್ನ ತಪ್ಪಲ್ಲ. ಹಾಡು ತಿರುಗಿಸಲೆಂದು ಮಾಡಿದ ಸ್ಪ್ರಿಂಗು ಅದು. ನಲವತ್ತು ವರ್ಷದಿಂದ ದೋಣಿಯ ಅಂಚಿನಲ್ಲಿ ಕೂತು ತಂತಿ ಸುತ್ತಿಕೊಂಡು ಬಂದಿದೆ, ಒಂದು ದಿನ ಸುಸ್ತಾಗಬಾರದೇ? ಕೊಟ್ಟ ಚಾವಿಯೆಲ್ಲ ಬಿಚ್ಚಿಹೋಯಿತು, ನಾನು ಕೈಯಿಂದಲೇ ಎಳೆದುಕೊಂಡೆ. ಅಷ್ಟರಲ್ಲಿ ಅಜ್ಜಿ ಮತ್ತೆ ಆಳಕ್ಕೆ ನುಗ್ಗಿದಳು. ಆಗ ತಂತಿಗೆ ಕೈಯಲ್ಲಿ ಸ್ವಲ್ಪ ಆಧಾರ ಮಾಡಿಕೊಂಡೆ. ಬಿಟ್ಟಿದ್ದರೆ ತಾಮ್ರ ಸಡಿಲ ಬೀಳುತ್ತಿತ್ತು. ಸಡಿಲ ಬಿದ್ದರೆ ಸುರುಳಿಯಾಗಿ ಮಡಿಚುತ್ತದೆ, ಮಡಿಚಿದ ಕಡೆ ಮುರಿಯುತ್ತದೆ. ಇದನ್ನು ನಿನಗೆ ಹೇಳಿಕೊಡಬೇಕೇ?

ನೀನು “ಬಿಡೇ, ಬಿಡೇ” ಎಂದು ಕೂಗಿದೆ. ಬಿಡುವ ಹಾಗಿದ್ದರೆ ಬಿಡುತ್ತಿರಲಿಲ್ಲವೇ? ನೀನು ಹುಟ್ಟು ಬಿಸಾಕಿ, ಗಾಳದ ಸಾಮಾನಿನ ಡಬ್ಬಿಯಿಂದ ಇಕ್ಕಳ ತೆಗೆದು, ನನ್ನ ಮೊಣಕಾಲ ಮೇಲೆ ಹತ್ತಿ ಬಂದು ತಂತಿಯನ್ನು ಕತ್ತರಿಸಿದೆ. ಆ ಶಬ್ದ ಇನ್ನೂ ನನ್ನ ಕಿವಿಯಲ್ಲಿದೆ. ಅಪ್ಪನ ತಾಮ್ರ, ಅಪ್ಪನ ಚಮಚ, ನನ್ನ ಜನ್ಮದಲ್ಲೇ ಇನ್ನೊಮ್ಮೆ ಸಿಗದ ಮೀನು, ಮೂರೂ ಒಂದೇ ಸಲಕ್ಕೆ ತಳ ಸೇರಿದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಷ್ಟಾದಮೇಲೆ ನಿನಗೆ ಹೇಳಲು ತೋಚಿದ್ದೇನು? “ಕೆರೇಲಿ ಇನ್ನೂ ಮೀನಿದೆ.” ಲೂವೆಲ್ಲಾ, ನಿನ್ನ ಗಂಡ ತೀರಿಕೊಂಡಾಗ ನಾನು ನಿನ್ನ ಹತ್ತಿರ ಬಂದು ಊರಲ್ಲಿ ಇನ್ನೂ ಗಂಡಸರಿದ್ದಾರೆ ಎಂದೆನೇ?

ವೆಂಡೆಲ್ ಆ ಮಾತು ಬೇಡ ಎನ್ನುತ್ತಿದ್ದಾನೆ. ಇರಲಿ.

ಆಸ್ಪತ್ರೆಯಲ್ಲಿ ನಾನು ನಿನಗೆ ಏನೇನೋ ಅಂದೆ, ಒಪ್ಪಿಕೊಳ್ಳುತ್ತೇನೆ. ನೀನು ಇಪ್ಪತ್ತು ವರ್ಷದಿಂದ ತಂತಿ ಕೊಡು, ಒಂದು ಸಲ ನನ್ನ ಕೈಗೂ ಕೊಡು ಎಂದು ಕೇಳಿದೆ, ನಾನು ಕೊಡಲಿಲ್ಲ, ಆ ಹೊಟ್ಟೆಕಿಚ್ಚಿಗೆ ಕತ್ತರಿಸಿದೆ ಎಂದೆ. ನನ್ನ ದೋಣಿಗೆ ಇನ್ನು ಕಾಲಿಡಬೇಡ ಎಂದೂ ಅಂದೆ. ಕೋಪದಲ್ಲಿ ಆಡಿದ ಮಾತು. ಎಂಥವರಿಗೂ ಗೊತ್ತಾಗುತ್ತದೆ. ನೀನು ಅದನ್ನು ಚರ್ಚಿನಲ್ಲಿ ಪಾದ್ರಿ ಹೇಳಿದ ವಾಕ್ಯದ ಹಾಗೆ ತಲೆಯ ಮೇಲೆ ಹೊತ್ತುಕೊಂಡು ಹೋದೆ. ಹೋದವಳು ಬರಲೇ ಇಲ್ಲ. ಎರಡು ಭಾನುವಾರ ಚರ್ಚಿನಲ್ಲಿ ನನಗಿಂತ ಮೂರು ಸಾಲು ಹಿಂದೆ ಕೂತೆ. ನಾನು ತಿರುಗಿ ನೋಡಿದರೆ ಪ್ರಾರ್ಥನೆ ಪುಸ್ತಕದಲ್ಲಿ ಮುಖ ಹುದುಗಿಸುತ್ತಿದ್ದೆ. ಬೈದವಳಿಗಿಂತ ಬೈಸಿಕೊಂಡವಳಿಗೇ ಇಷ್ಟು ಬಿಗುಮಾನ ಎಂದರೆ ನಾನು ಯಾರ ಹತ್ತಿರ ಹೇಳಿಕೊಳ್ಳಲಿ?

ಮೇಲಾಗಿ ಆ ದ್ರಾಕ್ಷಿ ಜಾಮು. ಬಾಗಿಲಲ್ಲಿ ಇಟ್ಟು ಕಳ್ಳಿಯ ಹಾಗೆ ಓಡಿಹೋದೆ. ಒಂದು ಚೀಟಿ ಇಲ್ಲ, ಬಾಗಿಲು ತಟ್ಟಿದ್ದಿಲ್ಲ. ಜಾಮು ಕೊಟ್ಟರೆ ಟ್ರೌಟ್ ಮೇಲೆ ಬರುತ್ತದೆಯೇ? ನಾನು ಮುಟ್ಟುವುದಿಲ್ಲ ಎಂದು ವೆಂಡೆಲ್‌ಗೆ ಹೇಳಿದ್ದೆ. ಕಪ್ಪು ಗೋಧಿಯ ದೋಸೆಗೆ ಬೇರೇನೂ ಇರಲಿಲ್ಲ, ಆದ್ದರಿಂದ ಮುಗಿಯಿತು. ಸಕ್ಕರೆ ಜಾಸ್ತಿಯಾಗಿತ್ತು.

ಈಗ ಮುಖ್ಯ ವಿಷಯ. ನಿನ್ನ ಹುಟ್ಟುಗಳು ನಮ್ಮ ದೋಣಿಮನೆಯ ಗೋಡೆಗೆ ನೇತುಬಿದ್ದಿವೆ. ಒಳಗೆ ಹೋದಾಗೆಲ್ಲ ಅವು ಕಣ್ಣಿಗೆ ಬೀಳುತ್ತವೆ, ನನಗೆ ಸಹಿಸಲಾಗುವುದಿಲ್ಲ. ಶನಿವಾರ ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗು. ಬೆಳಕು ಹರಿಯುವ ಮೊದಲೇ ಬಾ, ಆಮೇಲೆ ಗಾಳಿ ಏಳುತ್ತದೆ. ಬೆಚ್ಚಗಿನ ಅಂಗಿ ಹಾಕಿಕೊಂಡು ಬಾ. ಹುಟ್ಟು ತೆಗೆದುಕೊಂಡು ಹೋಗುವುದಕ್ಕೆ ಗಾಳಿಯ ಗೊಡವೆ ಏಕೆ ಎಂದು ವೆಂಡೆಲ್ ಕೇಳುತ್ತಿದ್ದಾನೆ. ನಾನು ಹೇಳಿದ್ದನ್ನು ಅವನು ಬರೆದರೆ ಸಾಕು.

ಬರದಿದ್ದರೆ ಒಲೆಗೆ ಹಾಕುತ್ತೇನೆ. ಒಳ್ಳೆಯ ಮರ, ಚೆನ್ನಾಗಿ ಉರಿಯುತ್ತದೆ.

ಇಷ್ಟೆಲ್ಲ ಆದಮೇಲೂ ನಿನ್ನ,
ಆರ್ಡಿತ್

ವಿ.ಸೂ.: ಹ್ಯಾಚ್‌ನ ಅಂಗಡಿಗೆ ಹೋಗಿ, ಅದು ಮೀನೇ ಎಂದು ಎಲ್ಲರೆದುರು ಹೇಳಿ ಬಾ. ಮೊದಲು ಅದು, ಆಮೇಲೆ ಶನಿವಾರ.

ಮತ್ತೊಂದು ಮಾತು, ಇದು ವೆಂಡೆಲ್‌ನದು. ಅವಳು ಲಕೋಟೆ ಹುಡುಕಲು ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ದಿಮ್ಮಿ ಎಂದು ನೀವು ಯಾಕೆ ಹೇಳಿದಿರಿ ಎಂದು ನನಗೆ ಗೊತ್ತು. ಇಷ್ಟು ವರ್ಷ ತಾಮ್ರ ಹಿಡಿದವಳು, ಮೀನು ಇರುವಾಗ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು ಎಂದು ತಿಳಿದಿದ್ದರೆ ಹ್ಯಾಚ್ ಬದುಕಿರುವ ತನಕ ನಗುತ್ತಿದ್ದ. ಅದಕ್ಕೇ ನಾನು ಅಂಗಡಿಯಲ್ಲಿ ಸುಮ್ಮನಿದ್ದೆ. ನೀವು ಕತ್ತರಿಸದಿದ್ದರೆ ಎರಡು ಬೆರಳು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅವಳೂ ಕೇಳಿಸಿಕೊಂಡಿದ್ದಾಳೆ.

ಆದರೆ ಕೈ ಮೊದಲಿನ ಹಾಗೆ ಆಗುವುದಿಲ್ಲ. ಬೆರಳು ಮಡಿಚುತ್ತದೆ, ಹುಟ್ಟು ಹಿಡಿಯಬಹುದು. ತೋರುಬೆರಳಿನ ತುದಿಗೆ ಸ್ಪರ್ಶವೇ ಇಲ್ಲ, ಇನ್ನು ಬರುವುದೂ ಇಲ್ಲವಂತೆ. ಮೊನ್ನೆ ದೋಣಿಮನೆಯಲ್ಲಿ ಉಳಿದ ತಂತಿಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತನ್ನ ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡು, “ಎಳಿ” ಎಂದಳು. ಎಳೆದೆ. “ಎಳಿ ಅಂದ್ನಲ್ಲ” ಎಂದಳು. ನಾನು ಎಳೆಯುತ್ತಲೇ ಇದ್ದೆ. ನಿನ್ನೆ ಹೊಸ ತಾಮ್ರ ತರಿಸಿ ನನ್ನಿಂದ ಸುತ್ತಿಸಿದಳು. ದೋಣಿಯಲ್ಲಿ ನಿಮ್ಮ ಮೆತ್ತೆಯನ್ನು ಹಿಂದಿನ ಹಲಗೆಗೆ, ತಂತಿ ಹಿಡಿಯುವವರು ಕೂರುವ ಕಡೆಗೆ ಹಾಕಿದ್ದಾಳೆ. ತನ್ನದನ್ನು ಹುಟ್ಟಿನ ಹತ್ತಿರ ಹಾಕಿಕೊಂಡಿದ್ದಾಳೆ. ಅದನ್ನೊಂದನ್ನು ಬಾಯಿ ಬಿಟ್ಟು ಕೇಳಲಾರದೆ ಇಷ್ಟುದ್ದ ಬೈದಿದ್ದಾಳೆ. ದಯವಿಟ್ಟು ಬನ್ನಿ.