ಬಕ್ಕೆ ಇಳಿ ಬಾ

ಏಪ್ರಿಲ್ 11, ಸಂಜೆ 6

ಜಾರುಬಂಡೆ — ನೀಲಿ, ಎರಡನೇ ಕೋಟ್. ಉಯ್ಯಾಲೆ ಕಂಬ — ಹಳದಿ. ಬಣ್ಣ ಒಣಗುವ ಮುಂಚೆಯೇ ಒಬ್ಬ ಪುಟಾಣಿ ಜಾರಿಬಿಟ್ಟ. ಚಡ್ಡಿಯ ಹಿಂಭಾಗವೆಲ್ಲ ನೀಲಿ. ಅವನಮ್ಮ ಬೈಯುವ ಬದಲು ನಕ್ಕಳು. ನಾಳೆ ಮೂರನೇ ಕೋಟ್.

ಶಾಲೆಗಳಿಗೆ ರಜೆ ಶುರು. ಎಂಟು ಗಂಟೆಗೇ ಪಾರ್ಕ್ ತುಂಬಿತು. ಚಾಪೆ, ಬುತ್ತಿ, ಚೆಂಡು, ಕಂಕುಳಲ್ಲೊಂದು ಕೂಸು. ತಗಡಿನ ಮಾಡಿನ ಮನೆಗಳಲ್ಲಿ ಈ ಬಿಸಿಲಿಗೆ ಕೂರುವವರು ಯಾರು? ಊರಾಚೆಯ ವಾಟರ್ ಪಾರ್ಕಿಗೆ ಟಿಕೆಟ್ಟು. ಇಲ್ಲಿ ಪುಕ್ಕಟೆ ನೆರಳು, ಪುಕ್ಕಟೆ ಕೊಳ. ದೊಡ್ಡವರ ಮೊಣಕಾಲೂ ಮುಳುಗದಷ್ಟು ನೀರು. ಮಕ್ಕಳು ಎಮ್ಮೆಗಳ ಹಾಗೆ ಬಿದ್ದುಕೊಂಡಿರುತ್ತವೆ.

ಮೆಣಸೂ ಬಂದಿದ್ದಳು. ಮೊಮ್ಮಗಳು, ನಾಲ್ಕೂವರೆ ವರ್ಷ. ನೋಡಲು ಕಾಳಿನಷ್ಟು, ಬಾಯಿ ಮಾತ್ರ ಖಾರ. ಮಗಳಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಗಲು ಡ್ಯೂಟಿ. ಹಾಗಾಗಿ ಎರಡು ತಿಂಗಳು ಇವಳು ನನ್ನ ಬಾಲ.

ಬ್ರಷ್ ತೊಳೆಯುತ್ತ ಗುಣಿತ ಹೇಳಿಕೊಟ್ಟೆ. ಅಪ್ಪ ಬೋರ್ಡ್ ಬರೆಯುತ್ತ ನನಗೆ ಕಲಿಸಿದ್ದೂ ಹೀಗೆಯೇ. ಬಕ್ಕೆ ತಲಕಟ್ಟು ಬ. ಬಕ್ಕೆ ಇಳಿ ಬಾ.

“ಬಾ ಅಂದ್ರೆ ಕರೆಯೋ ಬಾ-ನಾ ಅಜ್ಜಿ?”

“ಅದೇ ಕಣೇ.”

ಅಕ್ಷರ ಮಾತಾಡಿತಲ್ಲ ಎಂದು ಹಿಗ್ಗಿದಳು. ಮನೆಯವರೆಗೂ ದಾರಿಯ ನಾಯಿಗಳಿಗೆಲ್ಲ ಬಾ, ಬಾ. ಎರಡು ನಾಯಿ ಬಂದೇಬಿಟ್ಟವು.

ಏಪ್ರಿಲ್ 19

ಹೊಸ ಸೂಪರಿಂಟೆಂಡೆಂಟ್. ಪ್ಯಾಂಟಿನ ಗೀರಿನಲ್ಲಿ ತರಕಾರಿ ಹೆಚ್ಚಬಹುದು. ಇಸ್ತ್ರಿ ಎಂದು ಹೆಸರಿಟ್ಟೆ. ಮಾಲಿ ನಕ್ಕ ರಭಸಕ್ಕೆ ಪೈಪು ಕೈಜಾರಿ ನನ್ನ ಸೀರೆ ನೆನೆಯಿತು.

ಮೇ ಇಪ್ಪತ್ತಕ್ಕೆ ಅತ್ಯುತ್ತಮ ಉದ್ಯಾನ ಪ್ರಶಸ್ತಿಯ ಜಡ್ಜ್‌ಗಳು ಬರುತ್ತಾರಂತೆ. ಹತ್ತು ಹೊಸ ಬೋರ್ಡ್ ಆಗಬೇಕಂತೆ. ಪಟ್ಟಿ ಕೈಗಿಟ್ಟ. ಓದಿದೆ. ನೀರಿಗೆ ಇಳಿಯಬಾರದು. ಹುಲ್ಲಿನ ಮೇಲೆ ಆಡಬಾರದು. ಮರ ಹತ್ತಬಾರದು. ಚೆಂಡು ತರಬಾರದು. ಗಾಳಿಪಟ ಹಾರಿಸಬಾರದು. ಚಾಪೆ ಹಾಸಬಾರದು. ಬುತ್ತಿ ಬಿಚ್ಚಬಾರದು. ಕೂಗಬಾರದು. ಹೂ ಕೀಳಬಾರದು. ಉಗುಳಬಾರದು.

ಕೊನೆಯ ಎರಡು ಸರಿ. ಮಿಕ್ಕ ಎಂಟು?

“ಸಾರ್, ಮತ್ತೆ ಮಕ್ಕಳು ಏನ್ ಮಾಡ್ಬೇಕು?”

“ಬೆಂಚಿದೆಯಲ್ಲಮ್ಮ. ಕೂತ್ಕೊಂಡು ನೋಡ್ಲಿ. ಪಾರ್ಕ್ ಅಂದ್ರೆ ನೋಡೋ ಜಾಗ. ನಾಳೆ ಯಾವುದಾದ್ರೂ ಮಗು ಕೊಳದಲ್ಲಿ ಜಾರಿ ಬಿದ್ರೆ ಉತ್ತರ ಹೇಳೋನು ನಾನು, ನೀವಲ್ಲ.”

“ಹದಿನಾರು ವರ್ಷದಿಂದ ನೋಡ್ತಿದೀನಿ ಸಾರ್. ಬೀಳ್ತವೆ, ಏಳ್ತವೆ.”

ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. “ಬಾರದು ಅನ್ನೋದು ಬೇರೆ ಸಾಲಲ್ಲಿ, ದೊಡ್ಡದಾಗಿ ಬರೀರಿ. ದೂರದಿಂದ್ಲೇ ಕಾಣ್ಬೇಕು.”

ನಾಲ್ಕು ವರ್ಷದ ಮಗು ಬೆಂಚಿನ ಮೇಲೆ ಕೂತು ನೋಡಬೇಕಂತೆ. ಇವನು ಹುಟ್ಟುವಾಗಲೇ ಗೀರು ಹಾಕಿಸಿಕೊಂಡು ಬಂದಿದ್ದನೋ ಏನೋ.

ಏಪ್ರಿಲ್ 26

ಹತ್ತೂ ಮುಗಿದವು. ಬಿಳಿ ಹಲಗೆ, ಕೆಂಪು ಎನಾಮಲ್. ಇದ್ದಿಲ ಪುಡಿ ಹಚ್ಚಿದ ದಾರ ಮೀಟಿ ಗೆರೆ ಎಳೆದೆ. ‘ಬಾರದು’ ಒಂದೊಂದೂ ಗೇಣುದ್ದ. ಅಕ್ಷರ ಮಾತ್ರ ಬಹಳ ಚೆನ್ನಾಗಿ ಬಂದಿವೆ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ, ಆಮೇಲೆ ಓದಿ ನೋಡಿ ತಲೆಗೆ ಮೊಟಕುತ್ತಿದ್ದ.

ಹೊಟ್ಟೆಪಾಡು, ಬರೆದೆ. ಇಷ್ಟೇ.

ಏಪ್ರಿಲ್ 27, ಮಧ್ಯಾಹ್ನ 1

ಕೆಲಸ ಅರ್ಧಕ್ಕೇ ಬಿಟ್ಟು ಬರೆಯುತ್ತಿದ್ದೇನೆ.

ನಾನು ಗೇಟಿನ ಸರಳಿಗೆ ಬಣ್ಣ ಹಚ್ಚುತ್ತಿದ್ದೆ. ಸೀಟಿ ಕೇಳಿಸಿತು. ಕೊಳದ ಕಡೆ ವಾಚ್‌ಮನ್ ಪೀಪಿ ಓಡುತ್ತಿದ್ದ — ಸೀಟಿ ಬಾಯಿಂದ ತೆಗೆಯುವುದೇ ಇಲ್ಲ, ಅದಕ್ಕೆ ಪೀಪಿ. ನಾನೂ ಓಡಿದೆ. ನೀರಲ್ಲಿ ಒಂದೇ ಒಂದು ಮಗು. ನಮ್ಮ ಮೆಣಸು. ಪೀಪಿ ರಟ್ಟೆ ಹಿಡಿದು ಎಳೆದು ದಡದಲ್ಲಿ ನಿಲ್ಲಿಸಿದ.

ಕಿರುಚುತ್ತಿದ್ದಳು. “ಬಾ ಅಂತ ಬರ್ದಿದೆ! ಬಕ್ಕೆ ಇಳಿ ಬಾ! ನಮ್ಮಜ್ಜಿನೇ ಬರ್ದಿದ್ದು!”

ಪುಟ್ಟ ಬೆರಳು ಬೋರ್ಡಿನ ಕಡೆ. ನೀರಿಗೆ ಇಳಿಯ — ಅದರ ಕೆಳಗೆ ಗೇಣುದ್ದ ಬಾ. ಅವಳಿಗೆ ಬರುವುದು ಅದೊಂದೇ ಅಕ್ಷರ. ಅಜ್ಜಿ ಕರೆದಿದ್ದಾಳೆ, ಹೋಗಿದ್ದಾಳೆ.

ಬೆಂಚುಗಳ ಮೇಲಿನವರು ನಕ್ಕರು. ಪೀಪಿ, “ಅದು ಬಾ ಅಲ್ಲ ಪುಟ್ಟಿ, ಬಾರದು. ಬರ್ಬೇಡ ಅಂತ,” ಅಂದ. ಮೆಣಸು ಅಳು ನಿಲ್ಲಿಸಿ ನನ್ನ ಮುಖ ನೋಡಿದಳು.

“ಸುಳ್ಳು ಬರ್ದಿದ್ಯಾ ಅಜ್ಜಿ?”

ಮಾಡಿದ್ದುಣ್ಣೋ ಮಹರಾಯ.

ಮೇ 1

ಮೂರು ದಿನ ಬರೆಯಲಿಲ್ಲ. ಏನು ಬರೆಯುವುದು?

ಮೆಣಸು ಪಾರ್ಕಿಗೆ ಬರುವುದಿಲ್ಲ ಅಂತಾಳೆ. ಪಕ್ಕದ ಮನೆಯಾಕೆಯ ಹತ್ತಿರ, ಕಾದ ತಗಡಿನ ಕೆಳಗೆ, ಗೋಡೆಗೆ ಮುಖ ಮಾಡಿ ಕೂರುತ್ತಾಳೆ. ರಟ್ಟೆಯ ಮೇಲೆ ಬೆರಳಿನ ಗುರುತು ಹೋಗಿದೆ. ಗುಣಿತ ಹೇಳೋಣ ಎಂದರೆ, “ಬೇಡ, ನಿನ್ನ ಅಕ್ಷರ ಸರಿಯಿಲ್ಲ.” ಬೇರೆ ಯಾರೇ ಹೇಳಿದ್ದರೂ ಬ್ರಷ್ ಎಸೆದು ಜಗಳಕ್ಕೆ ನಿಲ್ಲುತ್ತಿದ್ದೆ.

ಪಾರ್ಕ್ ಆಸ್ಪತ್ರೆಯ ವರಾಂಡದ ಹಾಗಿದೆ. ಮಕ್ಕಳೆಲ್ಲ ಸಾಲಾಗಿ ಕೂತಿವೆ. ಒಂದು ಮಗು ಅಮ್ಮನನ್ನು ಕೇಳಿತು, “ನಮ್ಮ ನಂಬರ್ ಯಾವಾಗ ಬರತ್ತೆ?”

ನನಗೆ ತಡೆಯಲಾಗುತ್ತಿಲ್ಲ. ತಡೆದುಕೊಳ್ಳುವ ಮನಸ್ಸೂ ಇಲ್ಲ.

ಬಾರದು — ಮೂರಕ್ಷರ. ಬಹುದು — ಮೂರಕ್ಷರ. ಮೊದಲು ಬ, ಕೊನೆಗೆ ದು. ಬದಲಾಗುವುದು ನಡುವಿನದು, ಮತ್ತೆ ಒಂದು ಇಳಿ. ಜಾಗವೂ ಅಷ್ಟೇ ಹಿಡಿಯುತ್ತದೆ. ಭಾಷೆ ಮಾಡಿದವರು ಎಂದೋ ಯೋಚಿಸಿಯೇ ಇಟ್ಟಿದ್ದಾರೆ.

ಮೇ 2, ಬೆಳಗ್ಗೆ 8

ಐದೂವರೆಗೇ ಹೋದೆ. ಎಂಟು ಬೋರ್ಡ್, ಎರಡೂವರೆ ಗಂಟೆ. ನೀರಿಗೆ ಇಳಿಯಬಹುದು. ಆಡಬಹುದು. ಹತ್ತಬಹುದು. ಕೂಗಬಹುದು — ಇದನ್ನು ಬರೆಯುವಾಗ ನಾನೇ ಒಂದು ಸಲ ಕೂಗಿದೆ. ಕಾಗೆಗಳು ಎದ್ದವು.

ಮಾಲಿ ಓಡಿಬಂದ. “ಅಕ್ಕಾ, ಹೂವಿನ ಬೋರ್ಡ್ ಮುಟ್ಬೇಡ, ಕೈ ಮುಗೀತೀನಿ.”

“ಮುಟ್ಟಲ್ಲ ಕಣೋ. ಉಗುಳೋದನ್ನೂ ಮುಟ್ಟಲ್ಲ. ಬಹುದು ಅಂದ್ಬಿಟ್ರೆ ಊರಿಗೂರೇ ಬಂದು ಉಗುಳೀತು.”

“ಇಸ್ತ್ರಿ ಸುಮ್ನೆ ಬಿಡ್ತಾನಾ?”

“ಅವನಿಗೇನು ಕೊಂಬಿದ್ಯಾ? ಕೊಂಬು ಇರೋದು ದು-ಗೆ.”

ಮೇ 5

ಇಸ್ತ್ರಿಗೆ ಹೆಡ್ ಆಫೀಸಿನಲ್ಲಿ ಮೀಟಿಂಗಿನ ಮೇಲೆ ಮೀಟಿಂಗ್. ನಮಗೆ ಹಬ್ಬ.

ಪೀಪಿ ಮೊದಲ ದಿನ ಪ್ರತಿ ಬೋರ್ಡಿನ ಮುಂದೆ ನಿಂತು ತುಟಿಯಾಡಿಸಿ ಓದಿದ. ನನ್ನನ್ನು ನೋಡಿದ. “ಇಳಿಯಬಹುದು... ಸರಿ ಬಿಡಿ. ನಾನು ಬೋರ್ಡ್ ನೋಡ್ಕೊಂಡು ಕೆಲ್ಸ ಮಾಡೋನು.” ಸೀಟಿ ಜೇಬಿಗೆ ಹೋಯಿತು. ಈ ಮನುಷ್ಯನ ಬಾಯಲ್ಲಿ ಹಲ್ಲುಗಳಿರುವುದು ಈಗಲೇ ಗೊತ್ತಾದದ್ದು.

ಕೊಳದಲ್ಲಿ ಎಣಿಸಲಾಗದಷ್ಟು ತಲೆ. ಮರದ ತುಂಬ ಕಾಲು. ಮೆಣಸು ಇನ್ನೂ ಬಂದಿಲ್ಲ. “ನಿನ್ನ ಬೋರ್ಡ್ ಮೋಸ ಮಾಡತ್ತೆ” — ಕಡ್ಡಿ ಮುರಿದ ಹಾಗೆ ಹೇಳಿದಳು.

ಮೇ 6

ಸಿಕ್ಕಿಬಿದ್ದೆ. ಸಿಕ್ಕಿಬಿದ್ದೆ ಎನ್ನುವುದೂ ತಪ್ಪು, ಬಚ್ಚಿಟ್ಟುಕೊಂಡಿರಲಿಲ್ಲ.

ಇಸ್ತ್ರಿ ಬಂದವನೇ ಪೀಪಿಯ ಮೇಲೆ ಹಾರಿದ. ಪೀಪಿ ಬೋರ್ಡ್ ತೋರಿಸಿದ. ಇಸ್ತ್ರಿಯ ಮುಖ ನನ್ನ ಎನಾಮಲ್ ಡಬ್ಬಿಯಂತಾಯಿತು. ಸಂಜೆಗೆ ಮೆಮೊ. ‘ಫಲಕಗಳಲ್ಲಿ ಆಗಿರುವ ತಪ್ಪಿಗೆ ಕಾರಣ ತಿಳಿಸತಕ್ಕದ್ದು.’

ಅಲ್ಲೇ ನಿಂತು ಉತ್ತರ ಬರೆದುಕೊಟ್ಟೆ. ‘ತಪ್ಪಾಗಿಲ್ಲ. ಬೇಕೆಂದೇ ಬರೆದಿದ್ದೇನೆ. ಒತ್ತು, ದೀರ್ಘ, ಎಲ್ಲ ಸರಿಯಿದೆ, ನೋಡಿಕೊಳ್ಳಬಹುದು.’

“ಕಣ್ತಪ್ಪಿಂದ ಆಯ್ತು ಅಂತ ಬರೀರಮ್ಮ, ಇಲ್ಲಿಗೇ ಮುಗಿಸೋಣ,” ಅಂದ. ನಿಜ ಹೇಳಬೇಕು, ಆ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಅವನಿಗೂ ಮೇಲೊಬ್ಬ ಇಸ್ತ್ರಿ ಇದ್ದಾನು. ಆದರೂ ಬರೆಯಲಿಲ್ಲ. ನನ್ನ ಕಣ್ಣು ತಪ್ಪಿದ್ದು ಒಂದೇ ಸಲ, ಏಪ್ರಿಲ್ ಇಪ್ಪತ್ತಾರಕ್ಕೆ.

ಮೂರು ದಿನದ ಗಡುವು. ಮತ್ತೆ ಬಾರದು ಎಂದು ಬರೆಯಬೇಕು. ಇಲ್ಲದಿದ್ದರೆ ಕೆಲಸ ಬಿಡಬೇಕು.

ಮೇ 7

ಮಗಳೊಂದಿಗೆ ಜಗಳ.

“ಊರಿಗೆಲ್ಲ ನೀನೊಬ್ಳೇ ಸಿಕ್ಕಿದ್ಯಾ ಅಮ್ಮ?”

“ಬೋರ್ಡ್ ಬರ್ದೋಳು ನಾನೊಬ್ಳೇ ತಾನೇ?”

“ನೀನು ಬಿಟ್ರೆ ಅವನು ಬೇರೆಯವ್ರ ಕೈಲಿ ಬರೆಸ್ತಾನೆ. ಬಾರದು ಅಲ್ಲೇ ಇರತ್ತೆ, ನೀನು ಮನೇಲಿರ್ತೀಯ.”

ಇದು ಮಾತ್ರ ನಿಜ. ನನ್ನ ಮಗಳು ಮಾತು ಕಡಿಮೆ, ಆಡಿದರೆ ಮೊಳೆ ಹೊಡೆದ ಹಾಗೆ. ಬಿಟ್ಟು ಹೋದರೆ ಕೊಳ ಹೋಯಿತು. ಬ್ರಷ್ ನನ್ನ ಕೈಯಲ್ಲಿರಬೇಕು.

ಆಮೇಲೆ ಅವಳು ಸೋಪಿನಿಂದ ಒಡೆದ ಕೈ ನೋಡಿಕೊಳ್ಳುತ್ತ, “ನಾನು ಚಿಕ್ಕೋಳಿದ್ದಾಗ ಆ ಕೊಳದಿಂದ ನನ್ನ ಎಬ್ಸೋಕೆ ನೀನೂ ನೀರಿಗಿಳೀತಿದ್ದೆ,” ಅಂದಳು. ಮರೆತೇ ಹೋಗಿತ್ತು.

ಮೇ 9

ಬರೆದೆ. ಎಂಟಕ್ಕೆ ಎಂಟೂ. ಬಾರದು.

ಇಸ್ತ್ರಿ ಒಂದೊಂದರ ಮುಂದೂ ನಿಂತು ನೋಡಿದ. “ಈಗ ಸರಿಯಾಯ್ತು. ಇಷ್ಟಕ್ಕೆ ಅಷ್ಟೊಂದು ರಾದ್ಧಾಂತ.” ತಲೆಯಾಡಿಸಿದೆ.

ಅವನಿಗೆ ಗೊತ್ತಿಲ್ಲದ್ದು ಇಲ್ಲಿರಲಿ. ‘ಬಾ’ — ಇಟ್ಟಿಗೆ ಕೆಂಪು ಎನಾಮಲ್, ಎರಡು ಕೋಟ್, ಹತ್ತು ವರ್ಷ ಜಗ್ಗದು. ‘ರದು’ — ಮಾಲಿ ಹೂಕುಂಡಕ್ಕೆ ಬಳಿಯುವ ಕೆಮ್ಮಣ್ಣು, ಬರೀ ನೀರಿನಲ್ಲಿ ಕಲಸಿದ್ದು. ಒದ್ದೆ ಬಟ್ಟೆ ಸೋಕಿದರೆ ಸಾಕು. ಹೊಳಪು ಸ್ವಲ್ಪ ಕಡಿಮೆ. ಬಣ್ಣದವರ ಕಣ್ಣಿಗೆ ಕಂಡೀತು. ಪ್ಯಾಂಟಿನ ಗೀರು ನೋಡುವ ಕಣ್ಣಿಗೆ ಕಾಣಲಿಲ್ಲ.

ಹೂವಿನದು, ಉಗುಳುವುದು — ಪೂರಾ ಎನಾಮಲ್.

ಮಾಲಿಗೆ ಹೇಳಿದ್ದೇನೆ — ಇಪ್ಪತ್ತರ ಬೆಳಗಿನವರೆಗೆ ಬೋರ್ಡುಗಳ ಹತ್ತಿರ ಪೈಪು ತರಬೇಡ. ಆಮೇಲೆ ನಿನ್ನ ಕೈ ಜಾರುವುದು ಹೇಗೂ ಇದ್ದದ್ದೇ.

ಮೇ 15

ಬೆಂಚು. ಸೀಟಿ. ಬೆಂಚು. ಸೀಟಿ. ಅರ್ಧ ಜನ ಬರುವುದನ್ನೇ ಬಿಟ್ಟಿದ್ದಾರೆ. ಸಂಜೆ ಮೋಡ ಕವಿದಾಗ, ಕೆಮ್ಮಣ್ಣು ನೆನೆದೀತೆಂದು ಆಕಾಶ ನೋಡುತ್ತ ನಿಂತೆ. ಹನಿ ಬೀಳಲಿಲ್ಲ. ಬಂದ ತಾಯಂದಿರಿಗೆಲ್ಲ ಒಂದೇ ಮಾತು — ಇಪ್ಪತ್ತಕ್ಕೆ ಬನ್ನಿ, ಚೆಂಡು ತನ್ನಿ, ಮಕ್ಕಳಿಗೆ ಬದಲಿ ಬಟ್ಟೆ ತನ್ನಿ. ಯಾಕೆ ಎಂದು ಒಬ್ಬಳೂ ಕೇಳಲಿಲ್ಲ.

ಮೇ 19, ಸಂಜೆ

ಮೆಣಸನ್ನು ಕೂರಿಸಿಕೊಂಡು ಹೇಳಿದೆ. “ಅಜ್ಜಿ ತಪ್ಪು ಬರ್ದಿದ್ಲು. ನಾಳೆ ತಿದ್ತಾಳೆ. ನೀನು ಬಂದು ಓದ್ಬೇಕು.”

“ಪೀಪಿ ಮಾಮ ಎಳೀತಾನೆ.”

“ಎಳೆದ್ರೆ ನನ್ನನ್ನೂ ಎಳೀಬೇಕಾಗತ್ತೆ. ನಾನು ಭಾರ ಇದೀನಿ.”

ಯೋಚಿಸಿದಳು. ನನ್ನ ಸೊಂಟದ ಸುತ್ತಳತೆ ನೋಡಿದಳು. ಒಪ್ಪಿದಳು.

ಮೇ 20, ಬೆಳಗ್ಗೆ 9.40

ಕೊಳದ ಪಕ್ಕದ ಬೆಂಚು. ಬೇಗ ಬೇಗ ಬರೆಯುತ್ತಿದ್ದೇನೆ.

ಆರಕ್ಕೆ ಮಾಲಿ ಪೈಪು ಬಿಟ್ಟ. ಏಳು ಬೋರ್ಡಿನ ಕೆಮ್ಮಣ್ಣು ಇಳಿದು ಹುಲ್ಲಿಗೆ ಹೋಯಿತು. ಹುಲ್ಲಿನ ಮೇಲೆ ಆಡ ಬಾ. ಮರ ಹತ್ತ ಬಾ. ಚಾಪೆ ಹಾಸ ಬಾ. ಬುತ್ತಿ ಬಿಚ್ಚ ಬಾ. ಗೇಣುದ್ದ ಅಕ್ಷರ, ದೂರದಿಂದಲೇ ಕಾಣುತ್ತದೆ. ಇಸ್ತ್ರಿ ಹೇಳಿದ ಅಳತೆಯೇ.

ಕೊಳದ ಬೋರ್ಡ್ ಮೆಣಸಿಗೆ ಬಿಟ್ಟಿದ್ದೆ. ನನ್ನ ಹೆಗಲೇರಿ, ಒದ್ದೆ ಅಂಗೈಯಿಂದ ರ ಒರೆಸಿದಳು, ದು ಒರೆಸಿದಳು. ಕೈಯೆಲ್ಲ ಕೆಂಪು. ಆಮೇಲೆ ಬಾ ಮೇಲೆ ಕೈಯಿಟ್ಟು ತಿಕ್ಕಿದಳು, ಗಟ್ಟಿಯಾಗಿ, ಮತ್ತೆ ಮತ್ತೆ. ಹೋಗಲಿಲ್ಲ. “ಇದು ನಿಜ,” ಅಂದಳು.

ಜನ ಬಂದಿದ್ದಾರೆ. ಎಷ್ಟು ಜನ! ಚೆಂಡು, ಚಾಪೆ, ಗಾಳಿಪಟ. ಮಗಳು ಡ್ಯೂಟಿಗೆ ಹೋದವಳು ತಿರುಗಿ ಬಂದಿದ್ದಾಳೆ, ಲಾಂಡ್ರಿಯ ಏಪ್ರನ್ನಿನಲ್ಲೇ. ಮೆಣಸಿನ ಕೈ ಹಿಡಿದು ಸೀದಾ ನೀರಿಗಿಳಿದಳು. ಅವಳ ಹಿಂದೆ ಎಲ್ಲರೂ.

ಗೇಟಿನಲ್ಲಿ ಕಾರು. ಮೂವರು ಜಡ್ಜ್‌ಗಳು, ಮುಂದೆ ಇಸ್ತ್ರಿ. ನಿಂತ. ಎಡಗಡೆ ಓದಿದ, ಬಲಗಡೆ ಓದಿದ. “ಸೀಟಿ ಊದಯ್ಯ!” ಇಲ್ಲಿಗೇ ಕೇಳಿಸಿತು.

ಪೀಪಿ ಸೀಟಿ ಬಾಯಿಗಿಟ್ಟ. ತೆಗೆದ. “ಬೋರ್ಡಲ್ಲಿ ಬಾ ಅಂತಿದೆ ಸಾರ್. ನಾನ್ ಹೇಗೆ ಊದ್ಲಿ?”

ಜಡ್ಜ್ ಒಬ್ಬಾಕೆ ಏನೋ ಕೇಳುತ್ತಿದ್ದಾಳೆ. ನಗುತ್ತಿದ್ದಾಳೋ ಸಿಡುಕುತ್ತಿದ್ದಾಳೋ ಇಲ್ಲಿಂದ ತಿಳಿಯದು. ಪ್ರಶಸ್ತಿ ಬಂದರೆ ಬರಲಿ, ಬಿಟ್ಟರೆ ಬಿಡಲಿ. ಇಸ್ತ್ರಿ ನನ್ನ ಕಡೆಗೇ ಬರುತ್ತಿದ್ದಾನೆ, ಕೈಯಲ್ಲಿ ಕಾಗದ. ಕೆಲಸ ಹೋಯಿತು ಅನ್ನಿಸುತ್ತದೆ. ಹೋಗಲಿ. ಹೆದರಿಕೆಯಿಲ್ಲ ಎಂದರೆ ಸುಳ್ಳಾದೀತು, ಇನ್ನು ಸುಳ್ಳು ಬರೆಯುವುದಿಲ್ಲ. ಆದರೆ ಆ ಎಂಟು ಬಾ-ಗಳನ್ನು ಕೆರೆದು ತೆಗೆಯಲು ಅವನಿಗೆ ಉಳಿ ಬೇಕು, ಒಂದು ವಾರ ಬೇಕು, ಇಷ್ಟು ಮಕ್ಕಳನ್ನು ನೀರಿನಿಂದ ಎಬ್ಬಿಸುವ ಗಂಡೆದೆ ಬೇಕು. ನನ್ನ ಹತ್ತಿರ ಮಾತಾಡುವುದಿದ್ದರೆ ಪ್ಯಾಂಟು ಮಡಚಿಕೊಂಡು ಒಳಗೆ ಬರಲಿ. ಚಪ್ಪಲಿ ಬಿಚ್ಚಿದ್ದೇನೆ. ಸೆರಗು ಸಿಕ್ಕಿಸಿದ್ದೇನೆ.

ಮೆಣಸು ನೀರಿನ ನಡುವೆ ನಿಂತು ಕೂಗುತ್ತಿದ್ದಾಳೆ — ಅಜ್ಜೀ, ಬಕ್ಕೆ ಇಳಿ ಬಾ! ಬಕ್ಕೆ ಇಳಿ—

ಬಂದೆ ಕಣೇ, ಇದೊಂದು ಸಾಲು